ಕಬ್ಬಿಣದ ಆಡಿಗೆ ಒಂದು ದುರ್ಬೀನು

ನನ್ನ ಭಾವ ತಮ್ಮ ಜೀವಮಾನದಲ್ಲಿ ಸಾವಿರಾರು ಕೋಳಿಗಳನ್ನು, ನೂರಾರು ಹಂದಿಗಳನ್ನು ಗುಂಡಿಟ್ಟು ಕೆಡವಿದ್ದಾರೆ. ಒಂದರಲ್ಲೂ ಮಾಂಸವಿರಲಿಲ್ಲ. ಎಲ್ಲವೂ ಕಬ್ಬಿಣದವು. ಜೀವವಿರುವ ಪ್ರಾಣಿ ಎದುರು ಬಂದರೆ ಭಾವ ಕೋವಿಯನ್ನು ಬೆನ್ನ ಹಿಂದೆ ಸರಿಸಿ ಅದಕ್ಕೆ ದಾರಿ ಬಿಡುತ್ತಿದ್ದರು. ಇದನ್ನು ಮಂಗಳೂರಿನ ನಮ್ಮ ಬಿಜೈ ಮನೆಯ ಸುತ್ತಮುತ್ತಲಿನ ಒಂದು ಕಳ್ಳ ಬೆಕ್ಕು ಚೆನ್ನಾಗಿ ತಿಳಿದುಕೊಂಡಿತ್ತು. ಭಾವ ಜಗಲಿಯಲ್ಲಿ ಕುಳಿತು ಕೋವಿ ಒರೆಸುತ್ತಿದ್ದರೆ ಅದು ಅಡುಗೆ ಕೋಣೆಯಿಂದ ಕದ್ದ ಬಂಗುಡೆ ಮೀನನ್ನು ತಂದು ಅವರ ಕಾಲಬುಡದಲ್ಲೇ ಕುಳಿತು ಸಾವಕಾಶವಾಗಿ ತಿನ್ನುತ್ತಿತ್ತು!

ಭಾವ ಎಂದರೆ ನನ್ನ ಹೆಂಡತಿ ಗಿರಿಜೆಯ ಎರಡನೆಯ ಅಣ್ಣ. ತಲೆತಲಾಂತರದಿಂದ ಸಮುದ್ರವನ್ನೇ ನಂಬಿದ ಮನೆತನ ಅವರದು. ಆದರೆ ಭಾವನಿಗೆ ಮೀನಿಗಿಂತ ಇಂಜಿನು ಇಷ್ಟ. ಆಗಷ್ಟೇ ನಮ್ಮ ಕಡಲಿಗೆ ಮೋಟಾರು ದೋಣಿಗಳು ಇಳಿಯತೊಡಗಿದ್ದವು. ಅವುಗಳ ಇಂಜಿನು ಕೆಮ್ಮಿದರೆ, ಸೀನಿದರೆ, ಪೂರ್ತಿ ಮಲಗಿದರೆ ಬಂದರಿನಲ್ಲಿದ್ದ ಭಾವನ ರಿಪೇರಿ ಶೆಡ್ಡಿಗೇ ಬರಬೇಕಿತ್ತು. ಮದುವೆಯಾಗಿರಲಿಲ್ಲ. ಊಟ ತಿಂಡಿ, ವಾಸ ಎಲ್ಲ ನಮ್ಮ ಜೊತೆಯಲ್ಲಿ. ನಾನು ಶಾಲೆಯಲ್ಲಿ ಡ್ರಾಯಿಂಗ್ ಮಾಸ್ಟ್ರು. ಮಕ್ಕಳಿಗೆ ಮಾವಿನಹಣ್ಣು, ನೀರಿನ ಹೂಜಿ ಬರೆಸಿಕೊಂಡು ನೆಮ್ಮದಿಯಾಗಿದ್ದವನನ್ನು ಈ ಕಬ್ಬಿಣದ ಪ್ರಾಣಿಗಳ ಲೋಕಕ್ಕೆ ಎಳೆದವರು ಅವರೇ.

ಗಡಿಯಲ್ಲಿ ಚೀನಾದ ಜೊತೆ ಯುದ್ಧವಾದ ಮೇಲೆ ಊರಿನವರೆಲ್ಲ ಏನಾದರೊಂದು ಕಲಿಯಲು ಹೊರಟಿದ್ದ ಕಾಲ ಅದು. ಕೆಲವರು ಪ್ರಥಮ ಚಿಕಿತ್ಸೆ ಕಲಿತರು, ಕೆಲವರು ಕವಾಯತು ಕಲಿತರು. ಭಾವ ರೈಫಲ್ ಕ್ಲಬ್ಬಿಗೆ ಸೇರಿ ಪರವಾನಗಿ ಮಾಡಿಸಿ, ಒಂದು ಹಳೆಯ ಸಣ್ಣ ರೈಫಲನ್ನೂ ತಂದುಬಿಟ್ಟರು. ಕ್ಲಬ್ಬಿನಲ್ಲಿ ಕಾಗದದ ಮೇಲಿನ ವೃತ್ತಗಳಿಗೆ ಗುಂಡು ಹೊಡೆಯುವ ಅಭ್ಯಾಸ. ಎರಡು ತಿಂಗಳಲ್ಲಿ ಭಾವನಿಗೆ ಅದು ಬೇಸರವಾಯಿತು. "ತೂತು ಮಾಡ್ಲಿಕ್ಕೆ ಕೋವಿ ಎಂತಕ್ಕೆ? ನನ್ನ ಶೆಡ್ಡಿನಲ್ಲಿ ಡ್ರಿಲ್ ಉಂಟಲ್ಲ" ಎಂದರು.

ಆ ಹೊತ್ತಿಗೆ ಸರಿಯಾಗಿ, ಹೊರಗೆ ಸಮುದ್ರದಲ್ಲಿ ಲಂಗರು ಹಾಕಿದ್ದ ಹಡಗೊಂದರಿಂದ ಸಾಮಾನು ಇಳಿಸುವ ಲಾಂಚು ಕೆಟ್ಟಿತು. ಭಾವ ಹೋಗಿ ಸರಿಮಾಡಿಕೊಟ್ಟರು. ಸಂತೋಷಗೊಂಡ ಹಡಗಿನ ಇಂಜಿನಿಯರು ಒಂದು ಹಳೆಯ ಪತ್ರಿಕೆಯನ್ನು ಇವರ ಕೈಗಿತ್ತ. ಅಕ್ಷರಗಳು ಇಂಗ್ಲಿಷಿನವು, ಭಾಷೆ ಮಾತ್ರ ಇಂಗ್ಲಿಷಲ್ಲ. ಒಂದು ಪುಟದಲ್ಲಿ ಅಗಲ ಟೊಪ್ಪಿಯ ಗಂಡಸರು ನಿಂತುಕೊಂಡು ಕೋವಿ ಗುರಿಯಿಟ್ಟಿದ್ದಾರೆ. ದೂರದ ಗುಡ್ಡದ ಮೇಲೆ ಕಬ್ಬಿಣದ ತಗಡಿನಲ್ಲಿ ಕತ್ತರಿಸಿದ ಪ್ರಾಣಿಗಳು ಸಾಲಾಗಿ ನಿಂತಿವೆ. ಹತ್ತಿರದಲ್ಲಿ ಕೋಳಿ, ಅದಕ್ಕಿಂತ ದೂರದಲ್ಲಿ ಹಂದಿ, ಇನ್ನೂ ದೂರದಲ್ಲಿ ಯಾವುದೋ ದಪ್ಪ ಹಕ್ಕಿ, ಎಲ್ಲಕ್ಕಿಂತ ದೂರದಲ್ಲಿ ಕೊಂಬು ಸುರುಳಿಯಾದ ಟಗರು. ಮುಂದಿನ ಚಿತ್ರದಲ್ಲಿ ಒಂದು ಟಗರು ಅಡ್ಡ ಬಿದ್ದಿದೆ, ಟೊಪ್ಪಿಯವರು ನಗುತ್ತಿದ್ದಾರೆ.

"ನೋಡಿ ಮಾಸ್ಟ್ರೆ, ಹೊಡೆದರೆ ಬೀಳ್ತದೆ. ಬಿದ್ದದ್ದನ್ನು ಎತ್ತಿ ನಿಲ್ಲಿಸಿದರೆ ಪುನಃ ಬದುಕ್ತದೆ. ಇದಕ್ಕಿಂತ ಒಳ್ಳೆ ಬೇಟೆ ಎಲ್ಲಿ ಉಂಟು?" ಎಂದರು ಭಾವ.

ಪ್ರಾಣಿಗಳನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕೋಳಿ, ಹಂದಿ ಸುಲಭ. ಆ ದಪ್ಪ ಹಕ್ಕಿಯನ್ನು ನಾನು ಹುಟ್ಟಿದ ಮೇಲೆ ಕಂಡವನಲ್ಲ. ಹೆಬ್ಬೆರಳ ಗಾತ್ರದ ಚಿತ್ರ ನೋಡಿ ಅಂದಾಜಿನಲ್ಲಿ ಬರೆದೆ. ಗಿರಿಜೆ ಇಣುಕಿ ನೋಡಿ, "ಪಾಪ, ಈ ನವಿಲಿಗೆ ಎಷ್ಟು ತಿಂಗಳು?" ಎಂದು ಕೇಳಿದಳು. ಟಗರಂತೂ ನನ್ನ ಕೈಯಲ್ಲಿ ಕಂಕನಾಡಿ ಮಾರ್ಕೆಟಿನ ಆಡಾಗಿ ಹೊರಬಿತ್ತು. ಭಾವ ಆಕ್ಷೇಪಿಸಲಿಲ್ಲ. ನಮ್ಮ ಊರಿನ ಕೋವಿಗೆ ನಮ್ಮ ಊರಿನ ಆಡೇ ಸರಿ ಎಂದು ಹಳೆಯ ಕಬ್ಬಿಣದ ಹಾಳೆಯಲ್ಲಿ ಎಲ್ಲವನ್ನೂ ಅಂಗೈಯಗಲಕ್ಕೆ ಕತ್ತರಿಸಿದರು.

ಬಿಜೈಯ ಆಚೆ, ಕಲ್ಲು ಕಡಿಯುವ ಕೆಲಸ ನಿಂತುಹೋಗಿದ್ದ ಒಂದು ಮುರಕಲ್ಲಿನ ಕೋರೆಯಿತ್ತು. ಮೂರು ಕಡೆ ಎತ್ತರದ ಕೆಂಪು ಗೋಡೆ. ಗುಂಡು ಹೊರಗೆ ಹೋಗುವ ಭಯವಿಲ್ಲ. ಕ್ಲಬ್ಬಿನ ಕಾರ್ಯದರ್ಶಿಗಳು ನಿವೃತ್ತ ಪೊಲೀಸ್ ಅಧಿಕಾರಿ. ಬಂದು ಸುತ್ತ ನೋಡಿ ಒಪ್ಪಿಗೆ ಕೊಟ್ಟರು. ಅಷ್ಟೇ ಅಲ್ಲ, ಅವರಿಗೂ ಈ ಆಟದ ರುಚಿ ಹತ್ತಿ, "ಮಳೆಗಾಲ ಮುಗಿದ ಮೇಲೆ ಒಂದು ಪಂದ್ಯವನ್ನೇ ಇಡುವ" ಎಂದರು. ಭಾವ ಅಲ್ಲೇ ಎಲ್ಲರ ಎದುರು ಘೋಷಿಸಿದರು: "ಹತ್ತು ಆಡು ಇಡಿ. ಎಂಟು ಬೀಳಿಸ್ತೇನೆ."

ಅಂದಿನವರೆಗೆ ಅವರು ಬೀಳಿಸಿದ ಆಡುಗಳ ಸಂಖ್ಯೆ ಸೊನ್ನೆ.

ತೊಂದರೆ ಏನೆಂದರೆ, ಈ ಆಟದಲ್ಲಿ ಎಲ್ಲಿಯೂ ಒರಗುವಂತಿಲ್ಲ, ಮಲಗುವಂತಿಲ್ಲ. ನಿಂತೇ ಹೊಡೆಯಬೇಕು. ಗುಂಡು ತಗಲಿದರೆ ಸಾಲದು, ಪ್ರಾಣಿ ಬೀಳಬೇಕು. ಕೋಳಿ, ಹಂದಿಗಳೇನೋ ಭಾವನ ಗುಂಡಿಗೆ ಟಣ್ ಎಂದು ಉರುಳುತ್ತಿದ್ದವು. ಆದರೆ ನೂರು ಗಜ ದೂರದ ಆಡು ಕೋವಿಯ ತುದಿಯಲ್ಲಿರುವ ಗುರಿಮಣಿಯ ಹಿಂದೆ ಇಡಿಯಾಗಿ ಅಡಗಿಕೊಳ್ಳುತ್ತಿತ್ತು. ಕಾಣದ ಆಡನ್ನು ಹೊಡೆಯುವುದು ಹೇಗೆ?

"ದುರ್ಬೀನು ಬೇಕು" ಎಂದರು ಭಾವ. ನಮ್ಮ ಮನೆಯ ಶಾಂತಿ ಹಾಳಾದದ್ದು ಆ ದಿನ.

ಮೊದಲನೆಯ ದುರ್ಬೀನು ಹಳೆಯ ಮಂಜಿಯೊಂದರದು. ಸರಕು ಸಾಗಿಸುವ ಹಾಯಿಹಡಗಿನ ತಂಡೇಲ ಹಿಡಿದು ನೋಡುತ್ತಿದ್ದ ಹಿತ್ತಾಳೆಯ ಕೊಳವೆ. ಭಾವ ಅದನ್ನು ಇಂಜಿನಿನ ಪೈಪಿಗೆ ಹಾಕುವ ಪಟ್ಟಿಗಳಿಂದ ಕೋವಿಯ ಮೇಲೆ ಬಿಗಿದರು. ಕೋವಿಗಿಂತ ದುರ್ಬೀನೇ ಭಾರ. ಅದರಲ್ಲಿ ನೋಡಬೇಕಾದರೆ ಕಣ್ಣನ್ನು ಕೊಳವೆಗೆ ಒತ್ತಿಯೇ ಹಿಡಿಯಬೇಕು. ಒತ್ತಿ ಹಿಡಿದರು, ಕೋವಿಯ ಕುದುರೆ ಎಳೆದರು. ಸಣ್ಣ ಕೋವಿಯ ಒದೆತ ಭುಜಕ್ಕೆ ಏನೂ ಅಲ್ಲ. ಆದರೆ ಹಿತ್ತಾಳೆಯ ಅಂಚಿಗೆ ಒತ್ತಿಕೊಂಡ ಹುಬ್ಬಿಗೆ ಅಷ್ಟೇ ಧಾರಾಳವಾಯಿತು. ಬಲಗಣ್ಣಿನ ಸುತ್ತ ಒಂದು ಅಚ್ಚುಕಟ್ಟಾದ ನೀಲಿ ಬಳೆ ಮೂಡಿಸಿಕೊಂಡು ಮನೆಗೆ ಬಂದರು.

"ಯಾರು ಹೊಡೆದದ್ದು?" ಎಂದು ಗಿರಿಜೆ ಗಾಬರಿಯಿಂದ ಕೇಳಿದಳು.

"ಆಡು" ಎಂದು ಭಾವ ಒಳಗೆ ಹೋದರು.

ಕೋವಿಗಾಗಿಯೇ ಮಾಡಿದ ದುರ್ಬೀನು ಬೇರೆಯೇ ಇದೆ, ಅದರಲ್ಲಿ ಕಣ್ಣು ನಾಲ್ಕು ಬೆರಳು ಹಿಂದೆ ಇದ್ದರೂ ಕಾಣುತ್ತದೆ ಎನ್ನುವ ಜ್ಞಾನ ಹೀಗೆ ಬಂತು. ಆದರೆ ಅಂಥದ್ದು ಎಲ್ಲಿ ಸಿಗಬೇಕು? ಹೊರದೇಶದಿಂದ ಸೂಜಿ ತರಿಸಬೇಕಾದರೂ ಸರಕಾರದ ಅಪ್ಪಣೆ ಬೇಕಾಗಿದ್ದ ದಿನಗಳು. ಕೊನೆಗೆ ನೆರವಿಗೆ ಬಂದವರು ಬಂದರಿನ ಹಸನಬ್ಬರು. ಭಾವನ ಹಳೆಯ ಸ್ನೇಹಿತರು; ಹಗ್ಗ, ಸರಪಣಿ, ಹಡಗಿನ ಹಳೆಯ ಸಾಮಾನುಗಳ ವ್ಯಾಪಾರ. ಅವರ ಅಂಗಡಿಯಲ್ಲಿ ಸಿಗದ ವಸ್ತು ಭೂಮಿಯ ಮೇಲೆ ಇನ್ನೂ ತಯಾರಾಗಿಲ್ಲ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಅವರು ಬೊಂಬಾಯಿಯಲ್ಲಿದ್ದ ತಮ್ಮ ಸಂಬಂಧಿಕರ ಮೂಲಕ, ಊರು ಬಿಟ್ಟು ಹೋದ ಯಾವುದೋ ಬೇಟೆಗಾರರ ಮೂರು ದುರ್ಬೀನುಗಳನ್ನು ತರಿಸಿದರು. "ಮೂರನ್ನೂ ನೋಡಿ. ಒಂದನ್ನು ಇಟ್ಟುಕೊಳ್ಳಿ, ಎರಡನ್ನು ವಾಪಸು ಕೊಡಿ. ಅವಸರ ಇಲ್ಲ" ಎಂದರು. ಅವಸರವಿಲ್ಲ ಎಂದದ್ದೇ ಅವರು ಮಾಡಿದ ತಪ್ಪು.

ಮೂರರಲ್ಲಿ ಚಿಕ್ಕದು ಹಗುರವಾಗಿತ್ತು, ಚಂದವಾಗಿತ್ತು. ಆದರೆ ಮಂಗಳೂರಿನ ಮಳೆಗಾಲವನ್ನು ಅದು ಕಂಡಿರಲಿಲ್ಲ. ಜುಲೈ ತಿಂಗಳಲ್ಲಿ ಅದರ ಗಾಜಿನ ಒಳಗಡೆಯೇ ಮಂಜು ಕಟ್ಟಿತು. ಕಣ್ಣಿಟ್ಟರೆ ಆಡಿಲ್ಲ, ಕೋರೆಯಿಲ್ಲ, ಬರೀ ಹಾಲು. ತೇವ ಹೀರಲಿ ಎಂದು ಭಾವ ಅದನ್ನು ಯಾರಿಗೂ ಹೇಳದೆ ಅಕ್ಕಿಯ ಡಬ್ಬದಲ್ಲಿ ಹೂತಿಟ್ಟರು. ಮರುದಿನ ಗಿರಿಜೆ ಕುಚಲಕ್ಕಿ ಅಳೆಯಲು ಕೈ ಹಾಕಿದಾಗ ತಣ್ಣಗೆ, ಉದ್ದಕ್ಕೆ, ನುಣ್ಣಗೆ ಏನೋ ಸಿಕ್ಕಿತು. ಅವಳು ಕಿರುಚಿದ್ದಕ್ಕೆ ಪಕ್ಕದ ಮನೆಯವರು ಹಾವು ಹೊಡೆಯುವ ದೊಣ್ಣೆ ಹಿಡಿದುಕೊಂಡೇ ಬಂದರು. ಆಮೇಲೆ ಅಣ್ಣನಿಗೆ ಅವಳು ತುಳುವಿನಲ್ಲಿ ಹೇಳಿದ ಮಾತುಗಳನ್ನು ಕನ್ನಡಕ್ಕೆ ತಂದರೆ ಖಾರವೆಲ್ಲ ಹೋಗುತ್ತದೆ, ಆದ್ದರಿಂದ ತರುವುದಿಲ್ಲ.

ದೊಡ್ಡದು ಭೀಮ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವಂಥದ್ದು. ಮಳೆ ಬಿಟ್ಟ ಒಂದು ಬೆಳಿಗ್ಗೆ ಕೋರೆಯಲ್ಲಿ ಅದನ್ನು ಕೋವಿಗೆ ಏರಿಸಿದರು. ನಾನು ಪಕ್ಕದಲ್ಲಿ ನಿಂತಿದ್ದೆ.

"ಕಂಡಿತಾ ಭಾವ?"

"ಕಂಡಿತು. ಹೊಟ್ಟೆ."

"ಯಾರ ಹೊಟ್ಟೆ?"

"ಅದೇ ಗೊತ್ತಾಗುವುದಿಲ್ಲ ಮಾರಾಯ್ರೆ. ಹೊಟ್ಟೆ ಬಂತು, ಹೋಯ್ತು. ಈಗ ಕಲ್ಲು. ಈಗ ಪುನಃ ಕಲ್ಲು. ಹಾಂ, ಒಂದು ಕಿವಿ."

ಗಾಜಿನೊಳಗೆ ಅಡ್ಡ ಒಂದು, ನೆಟ್ಟಗೆ ಒಂದು ಗೆರೆ ಇರುತ್ತದೆ. ಅವು ಕೂಡುವ ಜಾಗ ಆಡಿನ ಮೇಲೆ ನಿಲ್ಲಬೇಕು. ದುರ್ಬೀನು ಆಡನ್ನು ಹತ್ತು ಪಟ್ಟು ಮಾಡಿದರೆ ಕೈಯ ನಡುಕವನ್ನೂ ಹತ್ತು ಪಟ್ಟು ಮಾಡುತ್ತದೆ. ಎದೆ ಬಡಿದುಕೊಂಡರೆ ಗೆರೆ ಹಾರುತ್ತದೆ. ಉಸಿರು ಬಿಟ್ಟರೆ ಆಡು ಬೆಟ್ಟ ಹತ್ತುತ್ತದೆ. ಅಂದು ಭಾವ ಬೆಳಿಗ್ಗೆ ಎರಡು ಲೋಟ ಕಾಫಿ ಕುಡಿದಿದ್ದರು. ಎರಡನೆಯ ಲೋಟವೂ ಅದರಲ್ಲಿ ಕಾಣಿಸುತ್ತಿದೆ ಎಂದರು. ಕೊನೆಗೆ ಗುಂಡು ಹಾರಿತು, ಟಣ್ ಎಂದಿತು, ನಾನು ಚಪ್ಪಾಳೆ ತಟ್ಟಿದೆ. ಹೋಗಿ ನೋಡಿದರೆ ಬಿದ್ದದ್ದು ನಲವತ್ತು ಗಜ ಈಚೆಗಿದ್ದ ಹಂದಿ.

ಇನ್ನುಳಿದದ್ದು ನಾಲ್ಕು ಪಟ್ಟಿನದು. ಅದರಲ್ಲಿ ಆಡು ಮಹಾ ದೊಡ್ಡದಾಗಿ ಕಾಣುತ್ತಿರಲಿಲ್ಲ. ಆದರೆ ಇಡಿಯಾಗಿ, ತಲೆಯಿಂದ ಬಾಲದವರೆಗೆ ಕಾಣುತ್ತಿತ್ತು. ಗೆರೆಗಳು ದಪ್ಪ. ತೂಕ ಕೈಗೆ ಒಪ್ಪುವಷ್ಟು. ಮೊದಲನೆಯ ದಿನವೇ ಐದು ಗುಂಡಿಗೆ ಎರಡು ಆಡು ಬಿದ್ದವು. ಭಾವ ಓಡಿಹೋಗಿ ಬಿದ್ದ ಆಡಿನ ಬೆನ್ನು ಸವರಿದರು. "ದೊಡ್ಡದಾಗಿ ಕಾಣ್ಲಿಕ್ಕೆ ಹೋಗಿ ನಾನು ತಲೆ ಕೆಟ್ಟು ಮರ್ಲನಾದೆ ಮಾಸ್ಟ್ರೆ. ಸ್ವಲ್ಪ ಕಂಡರೆ ಸಾಕು, ನಡುಗಬಾರದು ಅಷ್ಟೆ" ಎಂದರು.

ಹಾಗಾದರೆ ಆಯ್ಕೆ ಮುಗಿಯಿತಲ್ಲ? ನಾನೂ ಹಾಗೆಯೇ ಅಂದುಕೊಂಡೆ.

ಮಳೆ ಹಿಂದೆ ಸರಿದು ಪಂದ್ಯಕ್ಕೆ ತಿಂಗಳು ಉಳಿದಿದ್ದಾಗ ಹಸನಬ್ಬರು ಶಾಲೆಯ ಗೇಟಿನ ಹತ್ತಿರ ನನ್ನನ್ನು ತಡೆದರು. "ಮಾಸ್ಟ್ರೆ, ನಿಮ್ಮ ಭಾವ ನನ್ನ ದುರ್ಬೀನು ತೆಗೊಳ್ಳುವುದಾ, ಕಿಟಕಿ ತೆಗೊಳ್ಳುವುದಾ? ಹದಿನೈದು ದಿನದಿಂದ ಸಂಜೆ ಆದರೆ ನನ್ನ ಮಾಳಿಗೆಯಲ್ಲಿ ಕೂತಿರ್ತಾರೆ. ಅದೂ ಆ ದೊಡ್ಡದನ್ನು ಹಿಡ್ಕೊಂಡು. ಬೇಡ ಅಂತ ಹೇಳಿದ್ದನ್ನೇ ಬಿಡುವುದಿಲ್ಲ. ಕೇಳಿದರೆ ‘ಪರೀಕ್ಷೆ ಮಾಡ್ತಾ ಇದ್ದೇನೆ’ ಅಂತಾರೆ. ಇದು ಎಂತ ಪರೀಕ್ಷೆ, ಮೆಟ್ರಿಕ್ಕಿಗೂ ಇಷ್ಟು ದಿನ ಇಲ್ಲ."

ಸಂಜೆ ನಾನು ಅವರ ಗೋಡೌನಿನ ಮಾಳಿಗೆ ಹತ್ತಿದೆ. ಹಗ್ಗದ ಸುರುಳಿಗಳ ನಡುವೆ, ನದಿಯ ಕಡೆಗಿನ ಕಿಟಕಿಯ ಅಂಚಿನಲ್ಲಿ ದುರ್ಬೀನನ್ನು ಮರಳಿನ ಚೀಲದ ಮೇಲೆ ಇಟ್ಟುಕೊಂಡು ಭಾವ ಕುಳಿತಿದ್ದರು. ಕೋವಿ ತಂದಿರಲಿಲ್ಲ, ಬರೀ ದುರ್ಬೀನು. ನಾನು ಬಂದದ್ದನ್ನು ನೋಡಿ ದುರ್ಬೀನನ್ನು ಚೀಲದ ಮೇಲೆ ಸರಿಯಾಗಿ ಕೂರಿಸಿದರು. ಆಮೇಲೆ ಪಕ್ಕಕ್ಕೆ ಸರಿದು, "ನೋಡಿ" ಎಂದರು.

ನೋಡಿದೆ. ನದಿಯ ಆಚೆ ಬೆಂಗ್ರೆ, ಗಿರಿಜೆಯ ತವರೂರು. ಮರಳು, ತೆಂಗಿನ ಮರಗಳು. ಒಂದು ಮರದ ಬುಡದಲ್ಲಿ ನನ್ನ ಹೆಂಡತಿಯ ದೊಡ್ಡಣ್ಣ ಬಲೆ ಹರಡಿಕೊಂಡು ಕುಳಿತಿದ್ದರು. ಎದುರೇ ಕುಳಿತಂತೆ ಕಾಣುತ್ತಿದ್ದರು.

ಇಲ್ಲಿ ಒಂದು ವಿಷಯ ಹೇಳಬೇಕು. ಅಣ್ಣತಮ್ಮಂದಿರ ನಡುವೆ ಹನ್ನೊಂದು ವರ್ಷಗಳಿಂದ ಮಾತಿರಲಿಲ್ಲ. ದೊಡ್ಡಣ್ಣ ರಂಪಣಿಯ ಮನುಷ್ಯ. ಊರಿಗೆ ಊರೇ ಸೇರಿ ದಡದಿಂದ ಎಳೆಯುವ ಆ ದೊಡ್ಡ ಬಲೆಯೇ ಅವರ ಪ್ರಪಂಚ. ತಮ್ಮನಾದ ಭಾವ ಬಲೆ ಬಿಟ್ಟು, ಲಾಂಚುಗಳ ಇಂಜಿನು ನಂಬಿಕೊಂಡು ಬಂದರಿಗೆ ಹೊರಟ ದಿನ ಇಬ್ಬರಿಗೂ ಜೋರು ಮಾತಾಯಿತು. ಯಾರು ಎಷ್ಟು ಅಂದರು ಎನ್ನುವುದು ಇಬ್ಬರಿಗೂ ಸರಿಯಾಗಿ ನೆನಪಿರಲಿಲ್ಲ. ಆದರೆ ಮಾತು ನಿಂತದ್ದು ನಿಂತೇಹೋಗಿತ್ತು. ನಡುವೆ ಇದ್ದದ್ದು ಒಂದು ನದಿ. ಕಡವು ದೋಣಿಯಲ್ಲಿ ಒಂದು ಬೀಡಿ ಸೇದುವಷ್ಟು ಹೊತ್ತಿನ ದಾರಿ.

"ಕೈ ನೋಡಿ ಅವನದ್ದು" ಎಂದರು ಭಾವ. "ಬಲೆಯ ಕಣ್ಣನ್ನು ಬೆರಳಿನಲ್ಲಿ ಮುಟ್ಟಿ ಮುಟ್ಟಿ ಹುಡುಕ್ತಾನೆ. ಮೊನ್ನೆ ಅತ್ತಿಗೆ ಚಾ ತಂದಿಟ್ಟು ಹೋದಳು. ಲೋಟ ಪಕ್ಕದಲ್ಲೇ ಉಂಟು, ಇವ ಮರಳಿನಲ್ಲಿ ತಡಕಾಡ್ತಾ ಇದ್ದಾನೆ. ದುರ್ಬೀನಿನ ದೋಷವೋ ಅಂತ ನಾಲ್ಕು ಪಟ್ಟಿನದರಲ್ಲೂ ನೋಡಿದೆ. ದುರ್ಬೀನು ಸರಿ ಉಂಟು ಮಾಸ್ಟ್ರೆ. ಅವನ ಕಣ್ಣಿಗೆ ಪೊರೆ ಬಂದಿದೆ."

ನನಗೆ ನಾಚಿಕೆಯಾಯಿತು. ನಾನೂ ಗಿರಿಜೆಯೂ ವರ್ಷಕ್ಕೆ ಎರಡು ಮೂರು ಸಲ ಬೆಂಗ್ರೆಗೆ ಹೋಗಿ, ಎದುರಿಗೇ ಕುಳಿತು ಉಂಡು ಬರುತ್ತಿದ್ದೆವು. ನಮಗೆ ತಿಳಿದಿರಲಿಲ್ಲ. ದನಿಯಲ್ಲೇ ಗುರುತು ಹಿಡಿದು ಮಾತನಾಡಿ, ಅತ್ತಿಗೆಯ ಬಾಯಿಗೂ ಬೀಗ ಹಾಕಿಸಿ, ಅವರು ನಮ್ಮನ್ನು ಸಲೀಸಾಗಿ ಏಮಾರಿಸಿಬಿಟ್ಟಿದ್ದರು. ಮಾತು ಬಿಟ್ಟವರಿಗೆ ನದಿಯ ಈಚೆಯಿಂದ ಗೊತ್ತಾಯಿತು!

"ಹೋಗಿ ಕರ್ಕೊಂಡು ಬನ್ನಿ. ಆಪರೇಷನ್ ಮಾಡಿಸುವ. ನಾನು ಹೇಳಿದ್ದು ಅಂತ ಹೇಳ್ಬೇಡಿ" ಎಂದರು ಭಾವ.

ಮರುದಿನ ನಾನೂ ಗಿರಿಜೆಯೂ ಬೆಂಗ್ರೆಗೆ ಹೋದೆವು. ದೊಡ್ಡಣ್ಣ ಒಪ್ಪಲೇ ಇಲ್ಲ. "ಕಣ್ಣಿಗೆ ಎಂತದೂ ಆಗಲಿಲ್ಲ. ನಿಮಗೆ ಯಾರು ಹೇಳಿದ್ದು?" ಎಂದು ನನ್ನ ಮೇಲೆಯೇ ತಿರುಗಿದರು. ನಾನು ತೊದಲುತ್ತಿರುವಾಗ ಗಿರಿಜೆ ಎದ್ದು ಒಳಗೆ ಹೋಗಿ ಬಂದು, "ಅಣ್ಣ, ಚಾ ತೆಗೊಳ್ಳಿ" ಎಂದು ಲೋಟವನ್ನು ಅವರ ಕೈಗೆ ಕೊಟ್ಟಳು. ಅವರು ಬಿಸಿಯಿರಬಹುದೆಂದು ಮೆಲ್ಲನೆ ಊದಿದರು. ಬಾಯಿಗಿಟ್ಟರು. ಲೋಟ ಖಾಲಿಯಿತ್ತು.

ಅವರು ಲೋಟವನ್ನು ಕೆಳಗಿಟ್ಟು ನದಿಯ ಕಡೆ ಮುಖ ತಿರುಗಿಸಿದರು. "ಯಾವಾಗ ಹೋಗುವುದು?" ಎಂದರು. ಗಿರಿಜೆ ಆಗ ಅತ್ತಳು.

ಆ ಕಾಲದಲ್ಲಿ ಪೊರೆಯ ಆಪರೇಷನ್ ಎಂದರೆ ಸಣ್ಣ ವಿಷಯವಲ್ಲ; ದಿನ ಸಿಗಲಿಕ್ಕೇ ಮೂರು ವಾರ ಕಾಯಬೇಕಾಯಿತು. ಕಂಕನಾಡಿಯ ಆಸ್ಪತ್ರೆಯಲ್ಲಿ ಎರಡೂ ಕಣ್ಣಿಗೆ ಕಟ್ಟು ಹಾಕಿ, ತಲೆ ಅಲುಗಾಡದಂತೆ ಎರಡೂ ಪಕ್ಕದಲ್ಲಿ ಮರಳಿನ ಚೀಲ ಇಟ್ಟು ದಿನಗಟ್ಟಲೆ ಮಲಗಿಸುತ್ತಿದ್ದರು. ಕೆಮ್ಮಬಾರದು, ಸೀನಬಾರದು, ನಗಲೂಬಾರದು. ಭಾವ ಮೊದಲು ತಾನು ಬರುವುದೇ ಇಲ್ಲ ಎಂದರು. ಆಮೇಲೆ ಆಸ್ಪತ್ರೆಯ ಬಾಗಿಲವರೆಗೆ ಎಂದರು. ಆಪರೇಷನ್ ಆದ ಮರುಗಳಿಗೆಯಿಂದ ಮಂಚದ ಪಕ್ಕದಲ್ಲೇ ಕುಳಿತುಬಿಟ್ಟರು, ಒಂದೂ ಮಾತಾಡದೆ. ದೊಡ್ಡಣ್ಣ "ಇದು ಯಾರು?" ಎಂದು ಕೇಳಿದರೆ ನಾನು "ಆಸ್ಪತ್ರೆಯ ಜನ" ಎನ್ನಬೇಕು, ಹಾಗೆಂದು ಅಪ್ಪಣೆಯಾಗಿತ್ತು.

ಮೂರನೆಯ ದಿನ ಮಧ್ಯಾಹ್ನ. ಭಾವ ಚಮಚದಲ್ಲಿ ಗಂಜಿ ತಿನ್ನಿಸುತ್ತಿದ್ದರು. ದೊಡ್ಡಣ್ಣ ಎರಡು ಚಮಚ ನುಂಗಿ, ನನ್ನನ್ನು ಕರೆದರು.

"ಮಾಸ್ಟ್ರೆ, ಈ ಆಸ್ಪತ್ರೆಯ ಜನಕ್ಕೆಲ್ಲ ಡೀಸೆಲಿನ ವಾಸನೆ ಉಂಟಾ?"

ನಾನು ಭಾವನ ಮುಖ ನೋಡಿದೆ. ಭಾವ ಚಮಚ ನೋಡಿದರು.

"ಬಾಯಿ ತೆರಿ. ಗಂಜಿ ತಣೀತದೆ" ಎಂದರು.

ಹನ್ನೊಂದು ವರ್ಷಗಳ ಮೇಲೆ ಅಣ್ಣನೊಡನೆ ಆಡಿದ ಮೊದಲನೆಯ ಮಾತು ಅದು. ದೊಡ್ಡಣ್ಣ ಬಾಯಿ ತೆರೆದರು.

ಪಂದ್ಯ ಬಂದದ್ದು ಆ ಆದಿತ್ಯವಾರ. ಭಾವ ಹೋಗುವುದಿಲ್ಲ ಎಂದು ಹಟ ಹಿಡಿದರು. ಅಷ್ಟರಲ್ಲಿ ಗಿರಿಜೆಯಿಂದ ಆಡುಗಳ ಕತೆ ಕೇಳಿ ತಿಳಿದಿದ್ದ ದೊಡ್ಡಣ್ಣ ಕಟ್ಟಿನೊಳಗಿಂದಲೇ ಗದರಿದರು. "ಎಂಟು ಬೀಳಿಸ್ತೇನೆ ಅಂತ ಊರಿಡೀ ಹೇಳಿ ಇಲ್ಲಿ ಕೂತರೆ ನನಗೆ ಮರ್ಯಾದೆ ಉಂಟಾ? ಹೋಗು. ಬಂದು ಎಷ್ಟು ಬಿತ್ತು ಹೇಳು."

ಬೆಳಿಗ್ಗೆ ಭಾವ ಭೀಮನನ್ನೂ ಮಂಜು ಕಟ್ಟಿದ ಚಿಕ್ಕದನ್ನೂ ಒರೆಸಿ ಹಸನಬ್ಬರಿಗೆ ಒಪ್ಪಿಸಿದರು. ನಾಲ್ಕು ಪಟ್ಟಿನದನ್ನು ಕೋವಿಗೆ ಬಿಗಿದು ಕೋರೆಗೆ ಬಂದರು. ವಕೀಲರು, ಕಾಫಿ ತೋಟದ ದೊರೆಗಳು, ಕಾಲೇಜಿನ ಹುಡುಗರು ಎಲ್ಲ ಸೇರಿದ್ದರು. ಭಾವನ ಸರದಿ ಬಂತು. ಮೊದಲ ಆಡು ಬಿತ್ತು. ಎರಡನೆಯದು ಬಿತ್ತು. ಮೂರನೆಯದು ಕಾಲಿಗೆ ಗುಂಡು ತಗಲಿಸಿಕೊಂಡು, ಬೀಳಲೋ ಬೇಡವೋ ಎಂದು ಅರ್ಧ ನಿಮಿಷ ತೂಗಾಡಿ, ನಿಂತೇಬಿಟ್ಟಿತು. ಒಟ್ಟು ಹತ್ತರಲ್ಲಿ ಆರು ಬಿದ್ದವು. ಒಬ್ಬ ವಕೀಲರದು ಏಳು. ಭಾವನಿಗೆ ಎರಡನೆಯ ಸ್ಥಾನ.

ಬಹುಮಾನ ತೆಗೆದುಕೊಳ್ಳಲೂ ನಿಲ್ಲದೆ ಕಂಕನಾಡಿಗೆ ಓಡಿದರು. ಮಂಚದ ಪಕ್ಕದಲ್ಲಿ ನಿಂತು ಹತ್ತೂ ಆಡುಗಳ ಚರಿತ್ರೆಯನ್ನು ಒಂದೊಂದಾಗಿ ಹೇಳಿದರು. ಮೂರನೆಯ ಆಡು ಹೇಗೆ ತೂಗಾಡಿತು ಎನ್ನುವುದನ್ನು ಹೇಳುವಾಗ ದೊಡ್ಡಣ್ಣನ ಹೊಟ್ಟೆ ಕುಲುಕತೊಡಗಿತು. ತಲೆ ಅಲುಗಬಾರದು ಎಂದು ಎರಡೂ ಮರಳಿನ ಚೀಲಗಳನ್ನು ಅವರೇ ಕೈಯಲ್ಲಿ ಒತ್ತಿ ಹಿಡಿದುಕೊಂಡರು. ನರ್ಸಮ್ಮ ಬಂದು ಭಾವನನ್ನು ಹೊರಗೆ ಹಾಕಿದರು.

ಕಟ್ಟು ಬಿಚ್ಚುವ ದಿನ ನಾವೆಲ್ಲ ಹೋಗಿದ್ದೆವು. ಭಾವ ಒಳಗೆ ಬರಲು ಹಿಂಜರಿದು ನನ್ನ ಬೆನ್ನ ಹಿಂದೆ ನಿಂತರು. ಡಾಕ್ಟರರು ಹತ್ತಿಯನ್ನು ಮೆಲ್ಲನೆ ತೆಗೆದು, ದಪ್ಪ ಗಾಜಿನ ಕನ್ನಡಕವೊಂದನ್ನು ದೊಡ್ಡಣ್ಣನ ಮೂಗಿನ ಮೇಲಿಟ್ಟು, ಎರಡು ಬೆರಳು ಎತ್ತಿ "ಎಷ್ಟು?" ಎಂದು ಕೇಳಿದರು.

ದೊಡ್ಡಣ್ಣ ಸ್ವಲ್ಪ ಹೊತ್ತು ಕಣ್ಣು ಕಿರಿದು ಮಾಡಿ ನೋಡಿದರು.

"ಎರಡು" ಎಂದರು. "ಅದರ ಹಿಂದೆ ಮಾಸ್ಟ್ರು. ಮಾಸ್ಟ್ರ ಹಿಂದೆ ನನ್ನ ತಮ್ಮ."

ಭಾವ ಮುಂದೆ ಬಂದರು. ದೊಡ್ಡಣ್ಣ ಅವರನ್ನು ನೋಡುತ್ತಲೇ ಇದ್ದರು.

"ನಿನ್ನ ತಲೆ ಯಾವಾಗ ಇಷ್ಟು ಬೆಳ್ಳಗಾದದ್ದು?"

"ನೀನು ನೋಡದೆ ಇದ್ದಾಗ" ಎಂದರು ಭಾವ.

ದೊಡ್ಡಣ್ಣ ತಮ್ಮನ ಕೈಹಿಡಿದು ಮಂಚದ ಅಂಚಿನಲ್ಲಿ ಕೂರಿಸಿಕೊಂಡರು. ತಲೆಯನ್ನು ಕನ್ನಡಕದ ಹತ್ತಿರಕ್ಕೆ ಬಗ್ಗಿಸಿ, ಬಲೆಯನ್ನು ಬಿಡಿಸುವ ಬೆರಳುಗಳಿಂದ ಕೂದಲನ್ನು ಆಚೀಚೆ ಸರಿಸಿ ಹುಡುಕತೊಡಗಿದರು.

"ಹಿಂದೆ ಸ್ವಲ್ಪ ಕಪ್ಪು ಉಂಟು ಮಾರಾಯ" ಎಂದರು.